ಮಧ್ಯಾಹ್ನದ ಊಟ ಚರಿತ್ರೆಗೆ, ರಾತ್ರಿಯದು ಹೊಟ್ಟೆಗೆ

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಎಲ್ಲಿ ಕೂರಬೇಕು, ಏನು ತಿನ್ನಬೇಕು, ಏನನ್ನು ಕೇಳಿ ತಿನ್ನಬೇಕು

ಇಂಗ್ಲೆಂಡಿನ ಪಬ್ಬೊಂದಕ್ಕೆ ಮೊದಲ ಸಲ ಊಟಕ್ಕೆ ಹೋದ ದಿನ ನಾವು ನಾಲ್ವರು ಕಿಟಕಿ ಪಕ್ಕದ ಮೇಜು ಹಿಡಿದು ಅರ್ಧ ಗಂಟೆ ಕೂತೆವು. ಯಾರೂ ಬರಲಿಲ್ಲ. ನೀರೂ ಬರಲಿಲ್ಲ. ‘ಬೇಕಂತಲೇ ನಮ್ಮನ್ನ ಮಾತಾಡಿಸ್ತಿಲ್ಲ’ ಎಂದು ಅತ್ತಿಗೆ ಮುಖ ಊದಿಸಿಕೊಂಡರು. ಕೊನೆಗೆ ಪಕ್ಕದ ಮೇಜಿನ ಅಜ್ಜ ನಮ್ಮ ಮೇಜಿನ ಮೂಲೆಗೆ ಮೊಳೆ ಹೊಡೆದು ಕೂರಿಸಿದ್ದ ಪುಟ್ಟ ಹಿತ್ತಾಳೆ ಬಿಲ್ಲೆ ತೋರಿಸಿ, ಬಾರ್ ಕಡೆ ಬೊಟ್ಟು ಮಾಡಿದರು. ಬಿಲ್ಲೆಯ ಮೇಲೆ 17 ಎಂದಿತ್ತು. ಅದು ಮೇಜಿನ ನಂಬರ್. ಬಾರ್ ಹತ್ತಿರ ಹೋಗಿ ನಂಬರ್ ಹೇಳಿ, ಬೇಕಾದ್ದು ಹೇಳಿ, ದುಡ್ಡು ಕೊಟ್ಟು ಬಂದರೆ ತಟ್ಟೆ ತಾನಾಗಿ ಮೇಜಿಗೆ ಬರುತ್ತದೆ. ನಮ್ಮ ದರ್ಶಿನಿಯ ಲೆಕ್ಕವೇ; ಕೂರಲು ಮೆತ್ತನೆಯ ಕುರ್ಚಿ ಇರುತ್ತದೆ ಅಷ್ಟೆ. ಓಡಿಹೋಗಿ ಕೇಳಿದರೆ, ‘ಅಡುಗೆಮನೆ ಎರಡೂವರೆಗೆ ಮುಚ್ಚಿತಲ್ಲ’ ಎಂದಳು ಹುಡುಗಿ. ಆಗ ಎರಡು ಮೂವತ್ತೈದು. ನಾಲ್ಕು ಪೊಟ್ಟಣ ಆಲೂಗಡ್ಡೆ ಚಿಪ್ಸ್ ಕೊಂಡು ಹೊರಬಿದ್ದೆವು.

ಆ ಐದು ನಿಮಿಷ ಕಲಿಸಿದ ಪಾಠವೇ ಈ ಲೇಖನದ ಬೆನ್ನುಮೂಳೆ. ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ನೋಡುವ ಕಟ್ಟಡ ಬೇರೆ, ಉಣ್ಣುವ ಹೋಟೆಲು ಬೇರೆ ಅಲ್ಲ. ಐನೂರು ವರ್ಷದ ಮನೆಯಲ್ಲೇ ಬನ್ನು ಸಿಗುತ್ತದೆ, ಸನ್ಯಾಸಿಗಳು ಉಂಡ ಪಡಸಾಲೆಯಲ್ಲೇ ಸೂಪು ಸಿಗುತ್ತದೆ. ಆದರೆ ಇಂಥ ಬಹಳಷ್ಟು ಜಾಗಗಳು ಹಗಲಿನವು. ಚಹಾದಂಗಡಿ, ಚರ್ಚಿನ ಕೆಫೆ, ಮಾರುಕಟ್ಟೆಗಳು ಸಂಜೆ ಐದರ ಹೊತ್ತಿಗೆ ಬಾಗಿಲು ಎಳೆಯುತ್ತವೆ. ಹಾಗಾಗಿ ಮಧ್ಯಾಹ್ನದ ಊಟವನ್ನು ಚರಿತ್ರೆಗೆ ಬಿಟ್ಟುಕೊಡಿ. ಅನ್ನ, ಖಾರ, ಹೊಟ್ಟೆ ತುಂಬುವ ಸಮಾಧಾನವೆಲ್ಲ ರಾತ್ರಿಗಿರಲಿ. ಖರ್ಚಿನ ದೃಷ್ಟಿಯಿಂದಲೂ ಇದೇ ಸರಿ. ದುಬಾರಿ ರೆಸ್ಟೋರೆಂಟುಗಳು ಸಹ ಮಧ್ಯಾಹ್ನ ಎರಡು ಮೂರು ಬಗೆಯ ಗೊತ್ತಾದ ಊಟವನ್ನು ಕಡಿಮೆ ದರಕ್ಕೆ ಕೊಡುವುದುಂಟು.

ಹೊತ್ತಿನ ಲೆಕ್ಕ ಹೀಗಿಟ್ಟುಕೊಳ್ಳಿ: ಮಧ್ಯಾಹ್ನ 12ರಿಂದ 2.30, ರಾತ್ರಿ 6ರಿಂದ 9. ನಡುವೆ ಬಾರ್ ತೆರೆದಿದ್ದರೂ ಒಲೆ ಆರಿರಬಹುದು. ರಾತ್ರಿ ಒಂಬತ್ತೂವರೆಗೆ ‘ಈಗ ಊಟಕ್ಕೆ ಹೋಗೋಣ’ ಎನ್ನುವ ಬೆಂಗಳೂರಿನ ಅಭ್ಯಾಸ ಸಣ್ಣ ಊರುಗಳಲ್ಲಿ ನಡೆಯುವುದಿಲ್ಲ. ಭಾನುವಾರ ಮಧ್ಯಾಹ್ನ ಇಡೀ ಊರು ‘ಸಂಡೇ ರೋಸ್ಟ್’ ಎಂಬ ಹುರಿದ ಮಾಂಸದ ಊಟಕ್ಕೆ ಹೊರಟಿರುತ್ತದೆ, ಅಂದು ಮುಂಗಡ ಕಾಯ್ದಿರಿಸದೆ ಒಳ್ಳೆಯ ಪಬ್ಬಿನಲ್ಲಿ ಜಾಗ ಸಿಗುವುದು ಕಷ್ಟ.

ಬಾತ್: ಬನ್ನಿನ ಮನೆ, ಬಿಸಿನೀರಿನ ಪಡಸಾಲೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಬಾತ್‌ಗೆ ಸುಮಾರು ಒಂದೂವರೆ ಗಂಟೆಯ ರೈಲು. ಬಾತ್ ಅಬಿ ಚರ್ಚಿನ ಹಿಂದಿನ ಸಂದಿಯಲ್ಲಿ ‘ಸ್ಯಾಲಿ ಲನ್ಸ್’ ಇದೆ. ಸುಮಾರು 1482ರ ಈ ಮನೆ ಊರಿನ ಅತಿ ಹಳೆಯ ಮನೆಗಳಲ್ಲೊಂದು. ಇಲ್ಲಿನ ಬನ್ನು ನಮ್ಮ ಬೇಕರಿಯ ಬನ್ನಿನಂತೆ ಅಂಗೈಗೆ ಹಿಡಿಯುವಂಥದ್ದಲ್ಲ, ತಟ್ಟೆಯಗಲದ್ದು. ಮೊಟ್ಟೆ, ಬೆಣ್ಣೆ ಹಾಕಿ ಹುದುಗಿಸಿದ ಹಗುರ ಹಿಟ್ಟು. ಅದನ್ನು ಅಡ್ಡಲಾಗಿ ಸೀಳಿ, ಮೇಲಿನ ಅರ್ಧವನ್ನು ಸಿಹಿಗೆ, ಕೆಳಗಿನ ಅರ್ಧವನ್ನು ಖಾರದ ಪದಾರ್ಥಕ್ಕೆ ಬಳಸುತ್ತಾರೆ. ಖಾರ ಹೊತ್ತ ಈ ಅರ್ಧ ಬನ್ನು ಹಳೆಯ ರೂಢಿಯೊಂದನ್ನು ನೆನಪಿಸುತ್ತದೆ: ಮಧ್ಯಯುಗದಲ್ಲಿ ಗಟ್ಟಿ ರೊಟ್ಟಿಯ ಹೋಳನ್ನೇ ತಟ್ಟೆಯಂತೆ ಬಳಸುತ್ತಿದ್ದರು, ಸಾರು ಹೀರಿಕೊಂಡ ಆ ತಟ್ಟೆಯನ್ನೂ ತಿನ್ನಬಹುದಿತ್ತು. ಬಾಳೆಲೆಯಲ್ಲಿ ಉಣ್ಣುವ ನಮಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ನಾವು ಎಲೆಯನ್ನು ಹಸುವಿಗೆ ಹಾಕುತ್ತೇವೆ, ಅವರು ತಾವೇ ತಿಂದುಬಿಡಬಹುದಿತ್ತು. ದಾಲ್ಚಿನ್ನಿ ಬೆಣ್ಣೆ ಸವರಿದ ಬಿಸಿ ಮೇಲ್ಭಾಗ ಹೇಳಿ. ಒಬ್ಬರಿಗೆ ಅರ್ಧವೇ ಹೆಚ್ಚು. ನೆಲಮಾಳಿಗೆಯಲ್ಲಿ ಹಳೆಯ ಅಡುಗೆಮನೆಯ ಪುಟ್ಟ ಸಂಗ್ರಹಾಲಯವಿದೆ, ನೋಡದೆ ಬರಬೇಡಿ.

ಸ್ಯಾಲಿ ಲನ್ಸ್‌ನ ಬನ್ನೇ ಬೇರೆ, ‘ಬಾತ್ ಬನ್’ ಬೇರೆ. ಬಾತ್ ಬನ್ ಚಿಕ್ಕದು, ತಲೆ ಮೇಲೆ ಸಕ್ಕರೆ ಹರಳು ಚೆಲ್ಲಿರುತ್ತದೆ. ಅದನ್ನು ತಿನ್ನಲು ರೋಮನ್ ಸ್ನಾನಗೃಹಕ್ಕೆ ಅಂಟಿಕೊಂಡಿರುವ ‘ಪಂಪ್ ರೂಮ್’ ಸೂಕ್ತ. 1790ರ ದಶಕದಲ್ಲಿ ಮುಗಿದ ಈ ಪಡಸಾಲೆಯಲ್ಲಿ ಎತ್ತರದ ಕಂಬ, ತೂಗುದೀಪ, ಬಿಳಿ ಮೇಜುಬಟ್ಟೆಗಳ ನಡುವೆ ಕೂತು ಚಹಾ ಕುಡಿಯಬಹುದು. ಒಂದು ಮೂಲೆಯಲ್ಲಿ ಊರಿನ ಬಿಸಿನೀರ ಬುಗ್ಗೆಯ ನೀರನ್ನೂ ಲೋಟಕ್ಕೆ ಹಿಡಿದು ಕೊಡುತ್ತಾರೆ. 43 ಖನಿಜಗಳಿವೆ ಎಂಬುದು ಅದರ ಖ್ಯಾತಿ. ರುಚಿಯೋ, ಕಬ್ಬಿಣದ ಬಿಂದಿಗೆಯಲ್ಲಿ ಕಾಯಿಸಿಟ್ಟು ಮರೆತ ನೀರಿನಂತೆ. ಒಂದು ಗುಟುಕು ಸಾಕು.

ಯಾರ್ಕ್: ಹಡಗಿನಂಥ ಚಹಾದಂಗಡಿ, ಕಟುಕರ ಬೀದಿ

ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಎರಡು ಗಂಟೆ. ಸೇಂಟ್ ಹೆಲೆನ್ಸ್ ಚೌಕದಲ್ಲಿ ಬಾಗಿದ ಗಾಜಿನ ಕಿಟಕಿಗಳ ಮುಂದೆ ಸಾಲು ಕಂಡರೆ ಅದೇ ‘ಬೆಟ್ಟೀಸ್’. ಸ್ವಿಟ್ಜರ್ಲೆಂಡಿನಿಂದ ಬಂದ ಮಿಠಾಯಿಗಾರ ಫ್ರೆಡರಿಕ್ ಬೆಲ್ಮಾಂಟ್ 1919ರಲ್ಲಿ ಹ್ಯಾರೋಗೇಟ್‌ನಲ್ಲಿ ಮೊದಲ ಅಂಗಡಿ ತೆರೆದವರು. 1936ರಲ್ಲಿ ‘ಕ್ವೀನ್ ಮೇರಿ’ ಹಡಗಿನ ಮೊದಲ ಯಾನದಲ್ಲಿ ಪ್ರಯಾಣಿಸಿ, ಅದರ ಒಳಾಂಗಣಕ್ಕೆ ಮಾರುಹೋಗಿ, ಯಾರ್ಕಿನ ಅಂಗಡಿಯನ್ನು ಅದೇ ಮಾದರಿಯಲ್ಲಿ ಮಾಡಿಸಿದರು. ಇಲ್ಲಿ ತಿನ್ನಬೇಕಾದ್ದು ‘ಫ್ಯಾಟ್ ರ‍್ಯಾಸ್ಕಲ್’. ಸ್ಕೋನಿಗೂ ಕೇಕಿಗೂ ನಡುವಿನ ದಪ್ಪ ತಿನಿಸು, ಚೆರ್ರಿ ಕಣ್ಣು, ಬಾದಾಮಿ ಹಲ್ಲು. ನೆಲಮಾಳಿಗೆಗೆ ಇಳಿದು ಅಲ್ಲಿನ ಕನ್ನಡಿಯನ್ನೂ ನೋಡಿ: ಎರಡನೆಯ ಮಹಾಯುದ್ಧದಲ್ಲಿ ಸುತ್ತಲಿನ ನೆಲೆಗಳಿಂದ ಬರುತ್ತಿದ್ದ ವಾಯುಪಡೆಯ ಹುಡುಗರು ವಜ್ರದ ಮೊನೆಯಿಂದ ಅದರ ಮೇಲೆ ಹೆಸರು ಕೆತ್ತಿದ್ದಾರೆ. ಅವರಲ್ಲಿ ಎಷ್ಟೋ ಜನ ಮರಳಲಿಲ್ಲ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋದರೆ ಸಾಲು ಚಿಕ್ಕದು.

ಹತ್ತಿರದ ‘ಶ್ಯಾಂಬಲ್ಸ್’ ಒಂದು ಕಾಲಕ್ಕೆ ಕಟುಕರ ಬೀದಿ. ಮಾಂಸಕ್ಕೆ ಬಿಸಿಲು ತಾಗದಿರಲೆಂದು ಮೇಲಂತಸ್ತುಗಳು ಬೀದಿಯ ಮೇಲೆ ಬಾಗಿವೆ. ಅಂಗಡಿ ಮುಂದೆ ಕೊಕ್ಕೆಗಳು ಇನ್ನೂ ಇವೆ, ಕಟುಕರಿಲ್ಲ. ಬೀದಿಯ ಬೆನ್ನಿಗೇ ಇರುವ ಬಯಲು ಮಾರುಕಟ್ಟೆಯ ತಿಂಡಿ ಮಳಿಗೆಗಳಲ್ಲಿ ನಾಲ್ವರು ನಾಲ್ಕು ಬಗೆ ಕೊಂಡು ಹಂಚಿ ತಿನ್ನಬಹುದು. ಪಬ್ಬೇ ಬೇಕೆನ್ನುವವರಿಗೆ ಸ್ಟೋನ್‌ಗೇಟ್ ಬೀದಿಗೆ ಅಡ್ಡಲಾಗಿ ತೊಲೆಯ ಮೇಲೆ ಹೆಸರು ಬರೆಸಿಕೊಂಡಿರುವ ‘ಯೆ ಓಲ್ಡ್ ಸ್ಟಾರ್ ಇನ್’ ಇದೆ, 1644ರ ಹೆಸರು.

ಯಾರ್ಕ್‌ಶೈರಿನಲ್ಲಿ ಸಸ್ಯಾಹಾರಿಗಳು ಮುಖ್ಯವಾಗಿ ಎಚ್ಚರ ವಹಿಸಬೇಕಾದ್ದು ಮೀನಿನ ಅಂಗಡಿಯ ‘ಚಿಪ್ಸ್’ ವಿಚಾರದಲ್ಲಿ. ಬರೀ ಆಲೂಗಡ್ಡೆ ತಾನೇ ಎಂದು ನಮ್ಮ ಜೊತೆಗಾರರೊಬ್ಬರು ಎರಡು ದಿನ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡರು. ಮೂರನೆಯ ದಿನ ಬೇರೊಂದು ಅಂಗಡಿಯ ಗೋಡೆಯಲ್ಲಿ ‘ಇಲ್ಲಿ ಬೀಫ್ ಡ್ರಿಪಿಂಗ್‌ನಲ್ಲೇ ಕರಿಯುತ್ತೇವೆ’ ಎಂದು ಹೆಮ್ಮೆಯಿಂದ ಬರೆದದ್ದು ಕಣ್ಣಿಗೆ ಬಿತ್ತು. ಡ್ರಿಪಿಂಗ್ ಎಂದರೆ ದನದ ಕೊಬ್ಬು. ಉತ್ತರ ಇಂಗ್ಲೆಂಡಿನಲ್ಲಿ ಅದೇ ಸಂಪ್ರದಾಯ. ದಕ್ಷಿಣದಲ್ಲಿ ಎಣ್ಣೆಯೇ ಹೆಚ್ಚು. ಎಣ್ಣೆಯಾದರೂ ಮೀನು ಕರಿದ ಬಾಣಲೆಯೇ ಇರಬಹುದು. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಚೆಸ್ಟರ್, ಡರ್ಹಮ್: ಮೌನದ ಪಂಕ್ತಿ

ದೊಡ್ಡ ಚರ್ಚುಗಳ ಒಳಗಿನ ಕೆಫೆಗಳನ್ನು ನಮ್ಮ ಪ್ರವಾಸಿಗಳು ಗಮನಿಸುವುದೇ ಇಲ್ಲ. ದರ ಹಿತ, ಜಾಗ ಶಾಂತ, ಶೌಚಾಲಯ ಚೊಕ್ಕಟ, ಸೂಪು ಬಹುತೇಕ ತರಕಾರಿಯದೇ. ಚೆಸ್ಟರ್ ಕೆಥೆಡ್ರಲ್ ಒಂದು ಕಾಲಕ್ಕೆ ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಮಠ. ಅವರ ಊಟದ ಪಡಸಾಲೆಯಲ್ಲೇ ಈಗ ಕೆಫೆ. ತಟ್ಟೆ ಹಿಡಿದು ಕೂತವರು ಬಲಗಡೆ ಎಡಗಡೆ ಕಣ್ಣಾಡಿಸಿ: ಗೋಡೆಯ ದಪ್ಪದೊಳಗೇ ಮೆಟ್ಟಿಲು ಕೊರೆದು ಮೇಲೆ ಕಲ್ಲಿನ ಪೀಠವೊಂದನ್ನು ಮಾಡಿದ್ದಾರೆ, ಹದಿಮೂರನೆಯ ಶತಮಾನದ್ದು. ಉಳಿದವರು ಮೌನವಾಗಿ ಉಣ್ಣುವಾಗ ಒಬ್ಬ ಸನ್ಯಾಸಿ ಅಲ್ಲಿ ನಿಂತು ಧರ್ಮಗ್ರಂಥ ಓದುತ್ತಿದ್ದ. ನಮ್ಮ ಮಠಗಳ ಪಂಕ್ತಿಯಲ್ಲಿ ಶ್ಲೋಕ ಕೇಳುತ್ತ ಉಂಡವರಿಗೆ ಈ ಪೀಠದ ಕೆಲಸ ಯಾರೂ ವಿವರಿಸಬೇಕಿಲ್ಲ. ಹೊರಗೆ ಬಂದರೆ ‘ರೋಸ್’, ಅಂದರೆ ಅಂಗಡಿ ಮೇಲೊಂದು ಅಂಗಡಿಸಾಲು ಇರುವ ಮಧ್ಯಯುಗದ ಮೊಗಸಾಲೆ. ಮಳೆ ಬಂದರೂ ನೆನೆಯದೆ ತಿಂಡಿ ಅಂಗಡಿ ಹುಡುಕಬಹುದು. ಡರ್ಹಮ್ ಕೆಥೆಡ್ರಲ್‌ನಲ್ಲೂ ಕಮಾನುಗಳ ಕೆಳಗಿನ ‘ಅಂಡರ್‌ಕ್ರಾಫ್ಟ್’ನಲ್ಲಿ ಇಂಥದೇ ಊಟದ ಜಾಗವಿದೆ.

ಆಕ್ಸ್‌ಫರ್ಡ್, ಕೇಂಬ್ರಿಜ್: ಪಂಡಿತರ ಊರಿನ ತಟ್ಟೆ

ವಿನಾಯಕ ಕೃಷ್ಣ ಗೋಕಾಕರು ಓದಿದ ಆಕ್ಸ್‌ಫರ್ಡಿನಲ್ಲಿ ಮಧ್ಯಾಹ್ನಕ್ಕೆ ನೇರ ‘ಕವರ್ಡ್ ಮಾರ್ಕೆಟ್’ಗೆ ಹೋಗಿ. ಬೀದಿಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಅಂಗಡಿಗಳನ್ನು ಒಂದು ಸೂರಿನಡಿ ತರಲು 1774ರಲ್ಲಿ ತೆರೆದದ್ದು. ಮಾಂಸ, ಮೀನು, ಹೂವು, ಚೀಸ್, ಬಿಸಿ ಬಿಸ್ಕತ್ತು ಎಲ್ಲ ಒಟ್ಟಿಗೆ. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಗೆ ಚಾವಣಿ ಹಾಕಿ ಒಳಗೆ ಕೆಫೆ ಇಟ್ಟಂತೆ. ಕಾಫಿಗೆ ಹೈ ಸ್ಟ್ರೀಟಿನ ‘ಕ್ವೀನ್ಸ್ ಲೇನ್ ಕಾಫಿ ಹೌಸ್’: 1654ರಿಂದ ಇದೆ ಎಂದು ಹಲಗೆ ಹೇಳುತ್ತದೆ. ಸಂಜೆಗೆ, ಹಳೆಯ ಕೋಟೆಗೋಡೆಗೆ ಒರಗಿದ ‘ಟರ್ಫ್ ಟ್ಯಾವರ್ನ್’. ಅಲ್ಲಿಗೆ ಹೋಗುವ ಸಂದಿ ಎಷ್ಟು ಕಿರಿದೆಂದರೆ ಎದುರಿಗೆ ಬಂದವರಿಗೆ ದಾರಿ ಬಿಡಲು ಓರೆಯಾಗಿ ನಿಲ್ಲಬೇಕು.

ಒಂದು ಉಪಾಯ ಹೇಳುತ್ತೇನೆ. ರಜೆ ದಿನಗಳಲ್ಲಿ ಎರಡೂ ಊರಿನ ಹಲವು ಕಾಲೇಜುಗಳು ವಿದ್ಯಾರ್ಥಿಗಳ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತವೆ. ಆಕ್ಸ್‌ಫರ್ಡಿನ ಕೀಬಲ್‌ನಂಥ ಕಡೆ ಬೆಳಗಿನ ತಿಂಡಿಯನ್ನು ಕಾಲೇಜಿನ ಊಟದ ಪಡಸಾಲೆಯಲ್ಲೇ ಬಡಿಸುತ್ತಾರೆ. ಉದ್ದ ಮೇಜು, ಗೋಡೆಯಲ್ಲಿ ಹಿರಿಯರ ಚಿತ್ರಪಟ, ತಲೆ ಮೇಲೆ ಮರದ ತೊಲೆ. ಹೊರಗಿನವರು ಚೀಟಿ ಕೊಂಡು ಇಣುಕುವ ಜಾಗದಲ್ಲಿ ನೀವು ಕೂತು ಟೋಸ್ಟ್ ತಿನ್ನುತ್ತಿರುತ್ತೀರಿ.

ಕೇಂಬ್ರಿಜ್‌ನ ‘ದಿ ಈಗಲ್’ ಪಬ್ಬಿನಲ್ಲಿ 1953ರ ಫೆಬ್ರವರಿ 28ರ ಮಧ್ಯಾಹ್ನ ಫ್ರಾನ್ಸಿಸ್ ಕ್ರಿಕ್, ತಾನೂ ಜೇಮ್ಸ್ ವಾಟ್ಸನ್‌ನೂ ಜೀವದ ಗುಟ್ಟು ಕಂಡುಹಿಡಿದಿದ್ದೇವೆ ಎಂದು ಸಾರಿದರೆಂಬ ಕಥೆ ಪ್ರಸಿದ್ಧ. ಡಿಎನ್‌ಎ ರಚನೆಯ ಮಾತು ಅದು. ಫಲಕ ನೋಡಿದ ಮೇಲೆ ಹಿಂದಿನ ಕೋಣೆಗೆ ಹೋಗಿ ಕತ್ತೆತ್ತಿ: ಯುದ್ಧಕಾಲದ ವಾಯುಪಡೆಯವರು ಮೇಣದಬತ್ತಿ, ಲೈಟರ್‌ಗಳ ಹೊಗೆಯಿಂದ ಚಾವಣಿಯಲ್ಲಿ ಬರೆದ ಹೆಸರು, ನಂಬರ್‌ಗಳಿವೆ. ಯಾರ್ಕಿನ ಕನ್ನಡಿಯ ಅಣ್ಣತಮ್ಮಂದಿರು ಇವರು. ಸಿಹಿಗೆ, ನೂರು ವರ್ಷ ದಾಟಿದ ‘ಫಿಟ್ಸ್‌ಬಿಲ್ಲೀಸ್’ನ ಚೆಲ್ಸೀ ಬನ್ ತಿನ್ನಿ. ಸುರುಳಿ ಸುತ್ತಿ, ಒಣದ್ರಾಕ್ಷಿ ಹುದುಗಿಸಿ, ಪಾಕದಲ್ಲಿ ಅದ್ದಿದ್ದು. ಕೈ ತೊಳೆಯಲು ನೀರು ಹತ್ತಿರವಿರಲಿ.

ಇದೇ ಊರಿನ ಟ್ರಿನಿಟಿ ಕಾಲೇಜಿಗೆ 1914ರಲ್ಲಿ ಬಂದ ಶ್ರೀನಿವಾಸ ರಾಮಾನುಜನ್ ಸಸ್ಯಾಹಾರದ ವ್ರತ ಬಿಡದೆ, ಯುದ್ಧದ ಅಭಾವದಲ್ಲಿ ಕೋಣೆಯಲ್ಲೇ ತಾವೇ ಬೇಯಿಸಿಕೊಂಡು ದಿನ ತಳ್ಳಿದರು. ಇಂದು ಅದೇ ಬೀದಿಗಳಲ್ಲಿ ಸಸ್ಯಾಹಾರದ ಗುರುತಿಲ್ಲದ ಮೆನು ಕಾಣುವುದು ಅಪರೂಪ.

ಕ್ಯಾಂಟರ್ಬರಿ, ರೈ, ನಾಟಿಂಗ್‌ಹ್ಯಾಮ್: ಒಂದೊಂದು ಹೊತ್ತಿಗೆ

ಕ್ಯಾಂಟರ್ಬರಿ ವೆಸ್ಟ್ ನಿಲ್ದಾಣದ ಪಕ್ಕದಲ್ಲೇ ‘ಗುಡ್ಸ್ ಶೆಡ್’ ಇದೆ. ವಿಕ್ಟೋರಿಯಾ ಕಾಲದ ರೈಲ್ವೆ ಸರಕು ಗೋದಾಮು, 2002ರಿಂದ ರೈತರ ಮಾರುಕಟ್ಟೆ. ಕೆಳಗೆ ಮಾರುವ ತರಕಾರಿಯೇ ಅದರ ರೆಸ್ಟೋರೆಂಟಿನ ತಟ್ಟೆಗೆ ಬರುತ್ತದೆ. ರೈಲಿಳಿದ ತಕ್ಷಣ ಹಸಿವಾಗುವವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಸಸೆಕ್ಸ್ ಕರಾವಳಿಯ ರೈ ಊರಿನಲ್ಲಿ ಕಲ್ಲುಹಾಸಿನ ಏರುಬೀದಿಯ ‘ಮರ್ಮೇಡ್ ಇನ್’ 1420ರಲ್ಲಿ ಮತ್ತೆ ಕಟ್ಟಿದ್ದು, ನೆಲಮಾಳಿಗೆ ಅದಕ್ಕಿಂತ ಹಳೆಯದು. ಕಳ್ಳಸಾಗಣೆದಾರರು ಪಿಸ್ತೂಲನ್ನು ಮೇಜಿನ ಮೇಲಿಟ್ಟೇ ಕುಡಿಯುತ್ತಿದ್ದ ಜಾಗ. ನಾಟಿಂಗ್‌ಹ್ಯಾಮ್ ಕೋಟೆಬಂಡೆಯನ್ನೇ ಕೊರೆದು ಕೋಣೆ ಮಾಡಿಕೊಂಡಿರುವ ‘ಯೆ ಓಲ್ಡ್ ಟ್ರಿಪ್ ಟು ಜೆರುಸಲೆಂ’ ಗೋಡೆಯ ಮೇಲೆ 1189 ಎಂದು ಬರೆದುಕೊಂಡಿದೆ. ಈಗಿನ ಕಟ್ಟಡ ಹದಿನೇಳನೆಯ ಶತಮಾನದ್ದು ಎನ್ನುತ್ತಾರೆ ತಿಳಿದವರು. ‘ನಮ್ಮದೇ ಅತಿ ಹಳೆಯ ಪಬ್’ ಎನ್ನುವ ಜಗಳ ಅಲ್ಲಿ ಊರೂರಿಗೂ ಇದೆ. ನೀವು ಪಂಚಾಯಿತಿಗೆ ಕೂರಬೇಡಿ, ಗುಹೆಯ ತಂಪಿನಲ್ಲಿ ಕೂತು ಉಣ್ಣಿ.

ಲೆಸ್ಟರ್: ಅನ್ನ ಬೇಕೆನಿಸಿದ ದಿನ

ನಾಲ್ಕನೆಯ ದಿನಕ್ಕೆ ಬ್ರೆಡ್ಡು ಕಂಡರೆ ಮುಖ ತಿರುಗಿಸುವ ಸ್ಥಿತಿ ಬರುತ್ತದೆ. ಆಗ ಲೆಸ್ಟರ್‌ಗೆ ಹೊರಡಿ; ಸೇಂಟ್ ಪ್ಯಾಂಕ್ರಾಸ್‌ನಿಂದ ಒಂದೂಕಾಲು ಗಂಟೆ. ರೋಮನ್ನರ ಗೋಡೆ ಇರುವ ಊರು ಇದು. ಮೂರನೆಯ ರಿಚರ್ಡ್ ದೊರೆಯ ಅಸ್ಥಿ 2012ರಲ್ಲಿ ಇಲ್ಲಿನ ಕಾರು ನಿಲ್ದಾಣದಡಿ ಸಿಕ್ಕಿತು. 2015ರಲ್ಲಿ ಕೆಥೆಡ್ರಲ್‌ನಲ್ಲಿ ಮರುಸಮಾಧಿ ಆಯಿತು. ಬೆಳಿಗ್ಗೆ ಅದನ್ನು ನೋಡಿ, ಮಧ್ಯಾಹ್ನಕ್ಕೆ ‘ಗೋಲ್ಡನ್ ಮೈಲ್’ ಎನ್ನುವ ಬೆಲ್‌ಗ್ರೇವ್ ರಸ್ತೆಗೆ ಬನ್ನಿ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದ ಗುಜರಾತಿ ಕುಟುಂಬಗಳಲ್ಲಿ ಬಹಳ ಮಂದಿ ನೆಲೆಯೂರಿದ್ದು ಇಲ್ಲೇ. ಹಿಂದಿ ಸಿನಿಮಾದ ಹೆಸರಿಟ್ಟುಕೊಂಡಿರುವ ‘ಬಾಬೀಸ್’ 1976ರಿಂದ ಸಸ್ಯಾಹಾರಿ ಊಟ ಬಡಿಸುತ್ತಿದೆ. ಕಚೋರಿ, ಕಢಿ, ಅನ್ನ. ಸಾರಲ್ಲ, ನಿಜ, ಆದರೂ ನಾಲ್ಕು ದಿನದ ಮೇಲೆ ಆ ಕಢಿ ಮಜ್ಜಿಗೆಹುಳಿಯ ಹತ್ತಿರದ ನೆಂಟನಂತೆಯೇ ಕಾಣುತ್ತದೆ.

ಬೇರೆ ಊರುಗಳ ‘ಇಂಡಿಯನ್’ ಹೋಟೆಲುಗಳಲ್ಲಿ ಎಷ್ಟೋ ಕಡೆ ಮಾಲೀಕರು ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು. ರಾತ್ರಿ ಹೊಟ್ಟೆಗೆ ಅವು ಭರವಸೆ. ಕೂತ ತಕ್ಷಣ ಹಪ್ಪಳ, ನಾಲ್ಕು ಬಗೆ ಚಟ್ನಿ ತಂದಿಟ್ಟರೆ ಪುಕ್ಕಟೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ತಲಾ ಇಷ್ಟು ಎಂದು ಬಿಲ್ಲಿಗೆ ಸೇರುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ

‘ವೆಜಿಟೇರಿಯನ್’ ಎಂದರೆ ಅಲ್ಲಿ ಮೊಟ್ಟೆಯೂ ಸೇರಿದೆ. ಮೊಟ್ಟೆ ತಿನ್ನದವರಿಗೆ ಸುರಕ್ಷಿತ ಪದ ‘ವೀಗನ್’. ಹಾಲು ಬೆಣ್ಣೆಯೂ ಇರುವುದಿಲ್ಲ, ಆದರೆ ಅನುಮಾನವೂ ಇರುವುದಿಲ್ಲ. ಮೆನುವಿನ ‘ವಿ’ ಗುರುತು ಒಂದೊಂದು ಕಡೆ ಒಂದೊಂದು ಅರ್ಥ ಕೊಡುವುದರಿಂದ ಪುಟದ ಬುಡದ ವಿವರಣೆ ಓದಿ.

ಯಾರ್ಕ್‌ಶೈರ್ ಪುಡಿಂಗ್ ಸಿಹಿಯಲ್ಲ, ಮೊಟ್ಟೆ ಹಿಟ್ಟಿನ ಉಬ್ಬಿದ ಬಟ್ಟಲು. ಅದನ್ನೂ ಕೊಬ್ಬಿನಲ್ಲಿ ಬೇಯಿಸಿರಬಹುದು. ಬ್ಲ್ಯಾಕ್ ಪುಡಿಂಗ್ ಎಂದರೆ ರಕ್ತದ ಸಾಸೇಜ್. ವೆಲ್ಷ್ ರೇರ್‌ಬಿಟ್‌ನಲ್ಲಿ ಮೊಲವಿಲ್ಲ, ಬ್ರೆಡ್ಡಿನ ಮೇಲೆ ಚೀಸ್ ಅಷ್ಟೆ. ಆದರೆ ಅದಕ್ಕೆ ಬೆರೆಸುವ ವೂಸ್ಟರ್ ಸಾಸ್‌ನಲ್ಲಿ ಸಣ್ಣ ಮೀನಿರುತ್ತದೆ. ರೋಸ್ಟ್ ಆಲೂಗಡ್ಡೆ ಬಾತುಕೊಬ್ಬಿನಲ್ಲಿ ಹುರಿದಿರಬಹುದು, ಗ್ರೇವಿ ಮಾಂಸದ ರಸದ್ದಾಗಿರಬಹುದು. ಜೆಲ್ಲಿ, ಮೂಸ್‌ಗಳಲ್ಲಿ ಜೆಲಟಿನ್ ಇದೆಯೇ ಎಂದು ಕೇಳಿ.

ಧೈರ್ಯವಾಗಿ ತಿನ್ನಬಹುದಾದವೂ ಇವೆ: ಜಾಕೆಟ್ ಪೊಟ್ಯಾಟೊ, ಅಂದರೆ ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್ ಅಥವಾ ಚೀಸ್; ಭಾನುವಾರ ಮಾಂಸದ ಬದಲು ಬೀಜಗಳಿಂದ ಮಾಡಿದ ನಟ್ ರೋಸ್ಟ್, ಮೊಟ್ಟೆಯಿದೆಯೇ ಎಂದು ಕೇಳಿಕೊಂಡು; ಸಿಹಿಗೆ ಆ್ಯಪಲ್ ಕ್ರಂಬಲ್, ಇದಕ್ಕೆ ಸಾಮಾನ್ಯವಾಗಿ ಹಿಟ್ಟು, ಬೆಣ್ಣೆ, ಸಕ್ಕರೆ ಸಾಕು. ಜೊತೆಗೆ ಪುಡಿಯಿಂದ ಮಾಡಿದ ಕಸ್ಟರ್ಡ್ ಆದರೆ ಅದರಲ್ಲೂ ಮೊಟ್ಟೆಯಿಲ್ಲ. ಹೆಂಡತಿಗೆ ಮೊಟ್ಟೆ ಆಗಿಬರುವುದಿಲ್ಲವೆಂದು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಂಡುಹಿಡಿದ ಪುಡಿ ಅದು. ನಮ್ಮ ಮನೆಗಳ ಹಣ್ಣಿನ ಕಸ್ಟರ್ಡ್‌ನ ಮುತ್ತಜ್ಜಿ.

ಬಿಲ್ಲು, ನೀರು, ಟಿಪ್ಸ್

ಮೆನುವಿನ ದರದಲ್ಲೇ ತೆರಿಗೆ ಸೇರಿರುತ್ತದೆ. ರೆಸ್ಟೋರೆಂಟಿನ ಬಿಲ್ಲಿನಲ್ಲಿ ಶೇ 12.5ರಷ್ಟು ಸೇವಾಶುಲ್ಕ ಕಂಡರೆ, ಅದು ಸಾಮಾನ್ಯವಾಗಿ ಐಚ್ಛಿಕ, ಬೇಡವೆಂದರೆ ತೆಗೆಯುತ್ತಾರೆ. ಕೊಟ್ಟರೆ ಆ ಹಣ ಕೆಲಸಗಾರರಿಗೇ ಸೇರಬೇಕೆಂದು 2024ರ ಅಕ್ಟೋಬರ್‌ನಿಂದ ಕಾನೂನೇ ಇದೆ. ಶುಲ್ಕ ಕೊಟ್ಟ ಮೇಲೆ ಮತ್ತೆ ಟಿಪ್ಸ್ ಬೇಕಿಲ್ಲ. ಬಾರ್‌ನಲ್ಲಿ ಹೇಳಿ ತರುವ ಪಬ್ಬಿನಲ್ಲಿ ಟಿಪ್ಸ್ ರೂಢಿಯೇ ಇಲ್ಲ. ಮದ್ಯದ ಪರವಾನಗಿ ಇರುವ ಜಾಗಗಳು ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು. ‘ಟ್ಯಾಪ್ ವಾಟರ್’ ಎಂದು ಬಿಡಿಸಿ ಹೇಳಿ, ಬರೀ ‘ವಾಟರ್’ ಎಂದರೆ ಬಾಟಲಿ ಬರುತ್ತದೆ. ಪಬ್ಬಿಗೆ ಹೋದವರು ಮದ್ಯ ಕುಡಿಯಲೇಬೇಕೆಂದಿಲ್ಲ, ಲೈಮ್ ಸೋಡಾ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮಕ್ಕಳನ್ನೂ ಊಟದ ಭಾಗಕ್ಕೆ ಕರೆದೊಯ್ಯಬಹುದು. ರಾತ್ರಿ ಎಷ್ಟರವರೆಗೆ ಎಂದು ಬಾಗಿಲಲ್ಲೇ ಕೇಳಿ. ಹದಿನಾಲ್ಕು ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡುವುದು ಅಂಗಡಿಯ ಕರ್ತವ್ಯ. ಮೊಟ್ಟೆ, ಮೀನು ಆ ಪಟ್ಟಿಯಲ್ಲಿರುವುದರಿಂದ ಅದೇ ಹಾಳೆ ಸಸ್ಯಾಹಾರಿಗಳಿಗೂ ಆಗಿಬರುತ್ತದೆ. ಕಿಟಕಿಯ ಹಸಿರು ಚೀಟಿಯಲ್ಲಿ ಸೊನ್ನೆಯಿಂದ ಐದರವರೆಗಿನ ಅಂಕಿ ಅಡುಗೆಮನೆಯ ನೈರ್ಮಲ್ಯದ್ದು, ರುಚಿಯದ್ದಲ್ಲ.

ಇನ್ನೊಂದು ಭಾಷೆಯ ತೊಡಕು. ಉತ್ತರದಲ್ಲಿ ಯಾರಾದರೂ ‘ಟೀ’ಗೆ ಬನ್ನಿ ಎಂದರೆ ಅದು ರಾತ್ರಿಯ ಊಟವಾಗಿರಬಹುದು. ಹಸಿದೇ ಹೋಗಿ.

ಹೊರಡುವ ಹಿಂದಿನ ದಿನ ಮೂರೇ ಕೆಲಸ ಮಾಡಿ: ಮಧ್ಯಾಹ್ನದ ಜಾಗ ತೆರೆದಿರುವ ಹೊತ್ತನ್ನು ಅವರ ಜಾಲತಾಣದಲ್ಲಿ ನೋಡಿಕೊಳ್ಳಿ, ಭಾನುವಾರವಾದರೆ ಮೇಜು ಕಾಯ್ದಿರಿಸಿ, ರಾತ್ರಿಯ ಊಟದ ಅಂಗಡಿಯನ್ನು ತಂಗುವ ಕೋಣೆಯ ಹತ್ತಿರವೇ ಗುರುತು ಮಾಡಿಡಿ. ಮುಂದಿನ ಸಲ ಹೋದಾಗ ನಾವೂ ಹಾಗೇ ಮಾಡಿದೆವು. ಪಬ್ಬಿನ ಒಳಗೆ ಕಾಲಿಟ್ಟಾಗ ಗಂಟೆ ಹನ್ನೆರಡು ಹತ್ತು. ನಾವು ಕೋಟು ಬಿಚ್ಚುವಷ್ಟರಲ್ಲಿ ಅತ್ತಿಗೆ ಮೇಜಿನ ಮೂಲೆಗೆ ಬಗ್ಗಿ ಬಿಲ್ಲೆ ಹುಡುಕುತ್ತಿದ್ದರು.